ಹುಣಸೆಮರಕ್ಕೆ ಮೂರು ಸುತ್ತು

ಹಿಂದೂಪುರದಲ್ಲಿ ಮೂವತ್ತು ವರ್ಷ ಹುಣಸೆಹಣ್ಣಿನ ವ್ಯಾಪಾರ ಮಾಡಿದ ಮೇಲೆ, ಚೌಕಾಸಿಗೆ ಬಗ್ಗದ್ದು ಈ ಲೋಕದಲ್ಲಿ ಯಾವುದೂ ಇಲ್ಲವೆಂದು ನಾನು ನಂಬಿದ್ದೆ. ಕಿವಿಯ ಕಾಯಿಲೆಯೂ ಬಗ್ಗುತ್ತದೆಂದೇ ಲೆಕ್ಕ ಹಾಕಿದ್ದೆ.

ಎಡಗಿವಿಯಲ್ಲಿ ಆರು ತಿಂಗಳಿಂದ ಹಿಟ್ಟಿನ ಗಿರಣಿ ಓಡುತ್ತಿತ್ತು. ಕೆಲವು ದಿನ ಕಿವಿ ಕಟ್ಟಿಕೊಂಡು ಏನೂ ಕೇಳಿಸದು, ಕೆಲವು ದಿನ ಸರಿಯಿರುತ್ತಿತ್ತು. ಒಮ್ಮೊಮ್ಮೆ ಇದ್ದಕ್ಕಿದ್ದಂತೆ ಅಂಗಡಿಯೇ ಗಿರ್ರನೆ ತಿರುಗಿ, ವಾಂತಿಯಾಗಿ, ಮೂಟೆ ತಬ್ಬಿಕೊಂಡು ಕೂರಬೇಕಾಗುತ್ತಿತ್ತು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ಹೇಳಿದರು: "ಇದಕ್ಕೆ ಮೆನಿಯರ್ಸ್ ಅಂತಾರೆ. ಒಳಗಿವಿಯಲ್ಲಿರೋ ನೀರು ಹೆಚ್ಚಾಗುತ್ತೆ. ಕೇಳಿಸೋದೂ ಅಲ್ಲಿಂದಲೇ, ಬೀಳದಂಗೆ ನಿಲ್ಲಿಸೋದೂ ಅಲ್ಲಿಂದಲೇ. ಅದಕ್ಕೇ ಎರಡೂ ಕೆಡ್ತವೆ."

"ಪೂರ್ತಿ ವಾಸಿ ಆಗುತ್ತಾ ಸಾರ್?"

"ಹತೋಟಿಯಲ್ಲಿ ಇಡಬಹುದು. ಉಪ್ಪು ಕಮ್ಮಿ ಮಾಡಿ. ಕಾಫಿ ಬಿಡಿ. ತಲೆ ಎತ್ತಿಕೊಂಡು ತಿರುಗೋ ಕೆಲಸ ಬೇಡ."

"ಉಪ್ಪಿನಕಾಯಿ ಬಿಟ್ಕೊಡ್ತೀನಿ. ಕಾಫಿ ನನಗಿರಲಿ."

ಡಾಕ್ಟರು ಮುಂದಿನ ರೋಗಿಯನ್ನು ಕರೆದರು. ವ್ಯವಹಾರ ಕುದುರಿತೆಂದು ನಾನು ಎದ್ದುಬಂದೆ.

ತೊಂದರೆ ಏನೆಂದರೆ, ತಲೆ ಎತ್ತಿಕೊಂಡು ತಿರುಗುವುದೇ ನನ್ನ ಕಸುಬು. ಕಾಯಿ ಮರದಲ್ಲಿರುವಾಗಲೇ ನಾವು ಫಸಲನ್ನು ಗುತ್ತಿಗೆ ಹಿಡಿಯುತ್ತೇವೆ. ಮೇಲೆ ನೋಡುತ್ತ ಮರಕ್ಕೆ ಮೂರು ಸುತ್ತು ಬಂದು, ಇಷ್ಟು ಮೂಟೆ ಆಗುತ್ತದೆಂದು ಕಣ್ಣಲ್ಲೇ ಅಳೆಯಬೇಕು. ಸುತ್ತಲಾರದವನಿಗೆ ಯಾರೂ ಮರ ಕೊಡುವುದಿಲ್ಲ. ಕಲ್ಯಾಣದುರ್ಗದ ಹತ್ತಿರ ಗಂಗಮ್ಮಜ್ಜಿಯ ತೋಪನ್ನು ವರ್ಷಾ ವರ್ಷಾ ನಾನೇ ಹಿಡಿಯುತ್ತಿದ್ದೆ. ಈ ಸಲ ಇನ್ನಿಬ್ಬರು ಅದರ ಮೇಲೆ ಕಣ್ಣು ಹಾಕಿದ್ದರು.

"ಈ ತಲೆ ಇಟ್ಕಂಡು ಕಲ್ಯಾಣದುರ್ಗಕ್ಕೆ ಹೋಯ್ತೀರಾ?" ಎಂದಳು ನನ್ನ ಹೆಂಡತಿ ಸರೋಜ.

"ಕೆಟ್ಟಿರೋದು ಕಿವಿ ಕಣೆ, ಕಣ್ಣಲ್ಲ."

"ಬುದ್ಧೀನೂ ಅಲ್ಲೇ ಪಕ್ಕದಾಗೆ ಇದ್ದಂಗೈತೆ."

ಬಿಟ್ಟುಕೊಟ್ಟಿದ್ದ ಉಪ್ಪಿನಕಾಯಿಯನ್ನು ಚಿತ್ರಾನ್ನದ ಜೊತೆ ಧಾರಾಳವಾಗಿ ತಿಂದು ಬಸ್ಸು ಹತ್ತಿದೆ.

ತೋಪಿನಲ್ಲಿ ಮೊದಲ ಸುತ್ತು ರಾಜಠೀವಿಯಲ್ಲಿ ಮುಗಿಯಿತು. ಎರಡನೆಯದರಲ್ಲಿ ಗಿರಣಿ ಶುರುವಾಯಿತು. ಮೂರನೆಯ ಸುತ್ತನ್ನು ಮರವೇ ನನ್ನ ಸುತ್ತ ಹಾಕಿತು! ಕಣ್ಣು ಮುಚ್ಚಿ, ಬೊಡ್ಡೆ ತಬ್ಬಿಕೊಂಡು, ಅತ್ತಿತ್ತ ತೂಗಾಡಿದೆ.

ಅಜ್ಜಿಯ ಸೊಸೆ ರತ್ನಮ್ಮ ಅದನ್ನು ನೋಡಿದಳು. "ಅತ್ತೇ, ಸಾವ್ಕಾರಪ್ಪನ ಮೈಮ್ಯಾಲೆ ಅಮ್ಮೋರು ಬಂದವ್ಳೆ!" ಎಂದು ಕೂಗಿ, ಓಡಿಹೋಗಿ ಕರ್ಪೂರ ತಂದು ಹಚ್ಚಿ, ನನ್ನ ಕಾಲಿಗೆ ಅಡ್ಡಬಿದ್ದಳು. "ಚೆಪ್ಪು ತಲ್ಲಿ, ಈ ಸಲ ತೋಪು ಯಾರಿಗೆ ಕೊಡಾನ, ನೀನೇ ಹೇಳು ತಾಯಿ."

ಮೂವತ್ತು ವರ್ಷದಲ್ಲಿ ಇಂಥ ಅವಕಾಶ ನನಗೆ ಬಂದಿರಲಿಲ್ಲ. ನನ್ನ ಹೆಸರು ಹೇಳಿದರಾಯಿತು, ತೋಪು ನನ್ನದು. ದೇವಿಗೆ ತಕ್ಕ ಗಾಂಭೀರ್ಯದಿಂದ ಬಾಯಿ ತೆರೆದೆ. ಮಾತು ಬರಲಿಲ್ಲ. ಚಿತ್ರಾನ್ನ ಬಂತು.

ಅಷ್ಟರಲ್ಲಿ ಗಂಗಮ್ಮಜ್ಜಿ ಬಂದು, ಬಗ್ಗಿ ನೋಡಿದರು. "ಅಮ್ಮೋರು ಯಾವಾಗ್ಲಿಂದ ಮಾವಿನಕಾಯಿ ಉಪ್ಪಿನಕಾಯಿ ತಿಂತಾಳೆ? ಕರ್ಪೂರ ಆರಿಸೇ. ಏನಾಗೈತೆ ಸಾವ್ಕಾರ, ನಿಜ ಹೇಳು."

"ಕಿವಿ ಕಾಯಿಲೆ ಕಣಮ್ಮ. ಬತ್ತದೆ, ಹೋಯ್ತದೆ. ಅದಕ್ಕಂತ ನಾನು ಕಸುಬು ಬಿಡಲ್ಲ. ನಿಂತ್ಕಂಡು ಆಗ್ದಿದ್ರೆ ಮಲಿಕ್ಕಂಡು ಮರ ನೋಡ್ತೀನಿ."

"ಅಂಗಾದ್ರೆ ಮಲಿಕ್ಕ," ಎಂದು ಮರದಡಿಯಲ್ಲಿ ಚಾಪೆ ಹಾಸಿಯೇಬಿಟ್ಟರು.

ಒಂದೇ ಕೊಂಬೆಯನ್ನು ದಿಟ್ಟಿಸುತ್ತ ಗಂಟೆಗಟ್ಟಲೆ ಮಲಗಿದೆ. ತಿರುಗುವುದು ಮೆಲ್ಲಗೆ ಇಳಿಯಿತು. ಆಮೇಲೆ ನೋಡಿದರೆ, ಸುತ್ತುವಾಗ ಎಂದೂ ಕಾಣದಿದ್ದ ಕಾಯಿಗಳೆಲ್ಲ ಎಲೆಯ ನಡುವೆ ಕಂಡವು. ಮೂಟೆಯ ಅಂದಾಜು ಅಲ್ಲಿಂದಲೇ ಹೇಳಿದೆ. ಅಜ್ಜಿ ಹೌದೆಂದು ತಲೆದೂಗಿದರು. ಹಾಗಾಗಿ ನನ್ನಂಥ ಕಿವಿಯವರಿಗೆಲ್ಲ ನನ್ನ ಸಲಹೆ: ತಲೆ ತಿರುಗಿದ ಕೂಡಲೇ ಪೌರುಷ ತೋರಿಸದೆ ಮಲಗಿ, ಅಲುಗದ ಒಂದನ್ನು ನೋಡುತ್ತಿರಿ. ಕಸುಬನ್ನು ಬಿಡಬೇಡಿ, ಮಲಗಿಯಾದರೂ ಮಾಡಿ. ಚೌಕಾಸಿಯೊಂದನ್ನು ಮಾತ್ರ ಮಲಗಿ ಮಾಡಬೇಡಿ.

ಏಕೆಂದರೆ ಚೌಕಾಸಿಯ ಜೀವ ಇರುವುದು ಎದ್ದು ಹೊರಡುವುದರಲ್ಲಿ. ಅಜ್ಜಿ ಹೇಳಿದ ರೇಟು ಕೇಳಿ, "ಅಷ್ಟಾದ್ರೆ ನಂಗೆ ಬ್ಯಾಡಮ್ಮ, ಬತ್ತೀನಿ," ಎಂದು ರೋಷದಿಂದ ಎದ್ದೆ. ತೋಪು ತಿರುಗಿತು. ಮಲಗಿದೆ.

"ಯಾಕಪ್ಪ, ಹೋಗ್ಲಿಲ್ವಾ?" ಎಂದರು ಅಜ್ಜಿ, ಸೆರಗಿನಿಂದ ನನಗೆ ಗಾಳಿ ಹಾಕುತ್ತ.

ಇನ್ನೊಮ್ಮೆ ಎದ್ದೆ. ಇನ್ನೊಮ್ಮೆ ಮಲಗಿದೆ.

ತೋಪು ನನ್ನದೇ ಆಯಿತು. ಕೊನೆಗೆ ಎದ್ದು ನಿಂತಾಗ ಅಜ್ಜಿಯ ಹೆಗಲು ಹಿಡಿದುಕೊಂಡಿದ್ದೆ, ಅಜ್ಜಿಯ ರೇಟಿಗೂ ಒಪ್ಪಿಕೊಂಡಿದ್ದೆ.