ಅತ್ತೆಯ ಒಂದು ಪಟ, ಎರಡು ಕ್ಯಾಮೆರಾ

ಸರ್ವೇಯರ್ ಅಂಜಿನಮೂರ್ತಿಯ ಮನೆಯೊಳಕ್ಕೆ ಒಂದು ವಸ್ತು ಕಾಲಿಡಬೇಕಾದರೆ ಅದು ಮೊದಲು ಅಳತೆಗೆ ಒಳಪಡಬೇಕು. ಮಿಕ್ಸಿ ಕೊಳ್ಳಲು ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳೂ ಒರಳಲ್ಲಿ ರುಬ್ಬಿ ರುಬ್ಬಿ ಹೆಂಡತಿ ಗಂಗಾಲಕ್ಷ್ಮಿಯ ತೋಳು ಎಷ್ಟು ಗಟ್ಟಿಯಾಯಿತೆಂದರೆ, ಮಿಕ್ಸಿ ಬಂದ ದಿನವೇ ಅದರ ಮುಚ್ಚಳವನ್ನು ಒಂದೇ ತಿರುವಿಗೆ ಮುರಿದಳು. (ಮುಚ್ಚಳವನ್ನು ಪ್ರತ್ಯೇಕವಾಗಿ ಪರೀಕ್ಷಿಸದೆ ಬಿಟ್ಟದ್ದು ತನ್ನ ಸೇವಾವಧಿಯ ಏಕೈಕ ಲೋಪ ಎಂದು ಅವನು ಇಂದಿಗೂ ಒಪ್ಪಿಕೊಳ್ಳುತ್ತಾನೆ.)

ಅವನ ತಪ್ಪೂ ಅಲ್ಲ, ಬಿಡಿ. ಇಪ್ಪತ್ತು ವರ್ಷ ಮಧುಗಿರಿಯಿಂದ ಕೊರಟಗೆರೆ ತಾಲ್ಲೂಕು ಕಚೇರಿಗೆ ಓಡಾಡಿ, ಚನ್ನರಾಯನದುರ್ಗದ ಬಂಡೆಗಳ ಮೇಲೆ ಟೇಪು ಎಳೆದು, ಅಣ್ಣತಮ್ಮಂದಿರ ಹೊಲಗಳನ್ನು ಪೋಡಿ ಮಾಡಿ ಹಂಚಿದವನು. ಎರಡು ವಸ್ತುಗಳನ್ನು ಕಂಡರೆ ಸಾಕು, ನಡುವೆ ಒಂದು ಕಲ್ಲು ನೆಡಬೇಕೆಂದು ಅವನ ಕೈ ತುರಿಸುತ್ತದೆ.

ಇಂಥವನಿಗೆ ಗಂಗಾಲಕ್ಷ್ಮಿ ಕ್ಯಾಮೆರಾ ಬೇಕೆಂದಳು. ಮೊಬೈಲುಗಳಿಗೆ ಇನ್ನೂ ಹೆಸರಿಗೆ ಮಾತ್ರ ಕಣ್ಣಿದ್ದ ಕಾಲ ಅದು. ಅವಳ ತಂದೆ ತೀರಿಕೊಂಡು ಮೂರು ವರ್ಷವಾಗಿತ್ತು. ಅವರ ಪಟವೆಂದು ಉಳಿದದ್ದು ಚುನಾವಣೆ ಗುರುತಿನ ಚೀಟಿಯಲ್ಲಿದ್ದ ಉಗುರಗಲದ ಮುಖ ಒಂದೇ. ಅದನ್ನು ದೊಡ್ಡದು ಮಾಡಿಸಿದಾಗ ಮೀಸೆ ಉಳಿದು ಮಿಕ್ಕದ್ದೆಲ್ಲ ಮೋಡವಾಗಿತ್ತು. ವರ್ಷಕ್ಕೊಮ್ಮೆ ಗಂಗಾಲಕ್ಷ್ಮಿ ಆ ಮೀಸೆಗೇ ಹಾರ ಹಾಕುತ್ತಿದ್ದಳು.

"ಅಪ್ಪನ ಮುಖ ನಂಗೇ ಮರೀತಾ ಬತ್ತೈತೆ. ಅವ್ವಂದಾದ್ರೂ ಒಂದು ನೆಟ್ಟಗಿರೋ ಪಟ ಇರ್ಲಿ ಕಣ್ರೀ," ಎಂದಳು. "ಗಟ್ಟಿಯಾಗಿರೋವಾಗ್ಲೇ. ನಗ್ತಿರೋವಾಗ."

ಅವ್ವ ಎಂದರೆ ಹೊನ್ನಕ್ಕ. ಪಾವಗಡದ ಆಚೆಯ ಹಟ್ಟಿಯೊಂದರಲ್ಲಿ ಮೂವತ್ತು ಕುರಿಗಳ ಒಡತಿ. ಎಪ್ಪತ್ತು ದಾಟಿದ್ದರೂ ಬೆಟ್ಟದ ಮೇಲಿನ ಕುರಿಗೆ ಕೆಳಗಿನಿಂದಲೇ ಬೈಯಬಲ್ಲ ಗಂಟಲು. ಹಿಂದೊಮ್ಮೆ ಅವಳನ್ನು ಸ್ಟುಡಿಯೋಗೆ ಕರೆದೊಯ್ದಿದ್ದರು. ಬೆಳಕಿಗೆ ಹಿಡಿದಿದ್ದ ಬಿಳಿ ಕೊಡೆ ಕಂಡು, ಮಳೆಯಿಲ್ಲ ಬಿಸಿಲಿಲ್ಲ, ಮನೆಯೊಳಗೆ ಕೊಡೆ ಹಿಡಿಯೋರ ಸಹವಾಸ ಬ್ಯಾಡ ಎಂದು ಎದ್ದು ಬಂದಿದ್ದಳು. ಈಗ ಹೊಸ ಕನ್ನಡಕ ಹಾಕಿಸಿಕೊಳ್ಳಲು ಗುರುವಾರ ಮಧುಗಿರಿಗೆ ಬರುವವಳಿದ್ದಳು. ಮರಿ ಹಾಕುವ ಕುರಿಯೊಂದಿದ್ದುದರಿಂದ ಭಾನುವಾರ ಬೆಳಗಿನ ಬಸ್ಸಿಗೆ ವಾಪಸ್. ಅಷ್ಟರೊಳಗೆ ಪಟ ಆಗಬೇಕು. ಮತ್ತೆ ಯಾವಾಗ ಬರುತ್ತಾಳೋ ಕುರಿಗಳಿಗೇ ಗೊತ್ತು.

ಬುಧವಾರ ಗಂಡಹೆಂಡಿರು ಶಿರಾಕ್ಕೆ ಹೋದರು. ಅಲ್ಲಿ ಅಹಮದ್ ಷರೀಫರ ಅಂಗಡಿಯಲ್ಲಿ ಅಂಗೈಯಗಲದ ಕ್ಯಾಮೆರಾಗಳು ಎರಡಿದ್ದವು. ಒಂದು ಬೆಳ್ಳಿ ಬಣ್ಣದ್ದು, ಹನ್ನೆರಡು ಮೆಗಾಪಿಕ್ಸೆಲ್, ಚಾರ್ಜ್ ಮಾಡುವ ಬ್ಯಾಟರಿ. ಇನ್ನೊಂದು ಕೆಂಪು, ಹತ್ತು ಮೆಗಾಪಿಕ್ಸೆಲ್, ಎರಡು ಪೆನ್ಸಿಲ್ ಸೆಲ್ಲು. ಬೆಲೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಗಂಗಾಲಕ್ಷ್ಮಿ ಕೆಂಪನ್ನು ಕೈಗೆತ್ತಿಕೊಂಡು, ಇದೇ ಇರಲಿ, ನಮ್ಮ ಹಟ್ಟಿಯಲ್ಲಿ ಸೆಲ್ಲು ಸಿಗುತ್ತದೆ, ಕರೆಂಟು ಸಿಗುವುದಿಲ್ಲ ಎಂದಳು. ಅಲ್ಲಿಗೆ ಮುಗಿಯಬೇಕಿತ್ತು.

ಅಂಜಿನಮೂರ್ತಿ ನಕ್ಕ. ಅದು ಸರ್ವೇಯರು ರೈತನ ಕಡೆ ನೋಡಿ ನಗುವ ನಗೆ. ಎರಡು ಮೆಗಾಪಿಕ್ಸೆಲ್ ವ್ಯತ್ಯಾಸವೆಂದರೆ ಹುಡುಗಾಟವೇ, ಗುಂಟೆ ಲೆಕ್ಕದಲ್ಲಿ ಎಷ್ಟಾಯಿತು ಎಂದು ಕೇಳಿದ. ಆಮೇಲೆ ಅವನ ತಲೆಯಲ್ಲಿ ಆ ಮಹದಾಲೋಚನೆ ಉದಯಿಸಿತು. ಮಧುಗಿರಿಯ ಬಟ್ಟೆ ಅಂಗಡಿಯವರು ಆರು ಸೀರೆ ಮನೆಗೆ ಕಳಿಸುತ್ತಾರೆ. ಹೆಂಗಸರು ಒಂದನ್ನು ಆರಿಸಿ ಐದನ್ನು ಮಡಚಿ ವಾಪಸ್ ಕಳಿಸುತ್ತಾರೆ. ಸೀರೆಗಿರುವ ನ್ಯಾಯ ಕ್ಯಾಮೆರಾಗೆ ಏಕಿಲ್ಲ?

ಷರೀಫರು ಗಡ್ಡ ನೀವಿಕೊಂಡರು. "ಸರ್ವೇಯರ್ ಸಾಬ್, ಸೀರೆ ಬಿದ್ರೆ ಮಡಚ್ಬೋದು. ಇದು ಬಿದ್ರೆ ಗುಡಿಸ್ಬೇಕು."

ಆದರೂ ಕೊಟ್ಟರು. ಹಿಂದೊಮ್ಮೆ ನಿಯೋಜನೆಯ ಮೇಲೆ ಶಿರಾಕ್ಕೆ ಬಂದಿದ್ದಾಗ ಅಂಜಿನಮೂರ್ತಿ ಷರೀಫರಿಗೂ ಅವರ ಅಣ್ಣನಿಗೂ ಕಡ್ಲೆಕಾಯಿ ಹೊಲದಲ್ಲಿದ್ದ ತಕರಾರನ್ನು ಎಷ್ಟು ನಾಜೂಕಾಗಿ ಅಳೆದಿದ್ದನೆಂದರೆ, ಅವತ್ತಿನಿಂದ ಅವರಿಬ್ಬರೂ ಒಂದೇ ಕಡೆ ಟೀ ಕುಡಿಯುತ್ತಿದ್ದರು. ಆ ಋಣಕ್ಕೆ ಎರಡನ್ನೂ ಪೊಟ್ಟಣ ಕಟ್ಟಿ, ಒಂದೇ ಷರತ್ತು ಹಾಕಿದರು: ಭಾನುವಾರ ವಾಪಸ್ ಬರುವ ಕ್ಯಾಮೆರಾದ ಮೇಲೆ ಒಂದು ಗೀರೂ ಇರಬಾರದು.

ಗೀರಿನ ಮಾತು ಅಂಜಿನಮೂರ್ತಿಯ ತಲೆಯಲ್ಲಿ ಕೂತುಬಿಟ್ಟಿತು. ಅವನ ಮನೆಯಲ್ಲಿ ಟಿವಿ ರಿಮೋಟಿಗೆ ಪ್ಲಾಸ್ಟಿಕ್ ಕವರು, ಸ್ಕೂಟರಿನ ಸೀಟಿಗೆ ಕವರು, ಆ ಕವರು ಹರಿಯದಿರಲೆಂದು ಅದರ ಮೇಲೊಂದು ಕವರು. ಆದ್ದರಿಂದ ಮನೆಗೆ ಬಂದವನೇ ಎರಡು ಪಾರದರ್ಶಕ ಕವರು ಕತ್ತರಿಸಿ ಎರಡೂ ಕ್ಯಾಮೆರಾಗಳಿಗೆ ಅಂಗಿ ಹೊಲಿದಂತೆ ಸುತ್ತಿ, ಟೇಪು ಅಂಟಿಸಿದ. ಗುಂಡಿ ಒತ್ತಿದಾಗ ಮುಂದೆ ಚಾಚಿಕೊಳ್ಳುವ ಮೂತಿಗೆ ಜಾಗ ಸಾಲಲೆಂದು ಮುಂಭಾಗದಲ್ಲಿ ಒಂದಿಷ್ಟು ಸಡಿಲ ಬಿಟ್ಟ. ಇಬ್ಬರಿಗೂ ಒಂದೇ ಕವರು, ಒಂದೇ ಟೇಪು, ಪಕ್ಷಪಾತವಿಲ್ಲ.

ಪುಟ್ಟ ಪರದೆಯಲ್ಲಿ ಎಲ್ಲ ಮಂಜಾಗಿ ಕಾಣುತ್ತಿದೆಯಲ್ಲ ಎಂದು ಗಂಗಾಲಕ್ಷ್ಮಿ ಮೊದಲ ದಿನವೇ ಕೇಳಿದಳು. ಪರದೆಯ ಮೇಲೆ ಕವರಿದ್ದರೆ ಮಂಜಾಗದೆ ಇನ್ನೇನು, ಕಂಪ್ಯೂಟರಿಗೆ ಹಾಕಿದಾಗ ಗಾಜಿನಂತೆ ಕಾಣುತ್ತದೆ ಎಂದು ಇವನು ಸಮಾಧಾನ ಹೇಳಿದ. ಕವರು ಪರದೆಯ ಮೇಲೆ ಮಾತ್ರವಲ್ಲ, ಮೂತಿಯ ಮುಂದೆಯೂ ಇದೆ ಎಂಬ ಸಣ್ಣ ಸಂಗತಿ ಇಪ್ಪತ್ತು ವರ್ಷದ ಅನುಭವಕ್ಕೆ ಹೊಳೆಯಲಿಲ್ಲ.

ಗುರುವಾರ ಮಧ್ಯಾಹ್ನದಿಂದ ಹೊನ್ನಕ್ಕನ ಸರ್ವೆ ಶುರುವಾಯಿತು. ಮನೆ ಮುಂದಿನ ಕಲ್ಲು ಬೆಂಚಿನ ಮೇಲೆ ಅವಳನ್ನು ಕೂರಿಸಿ, ಟೇಪಿನ ಸೊನ್ನೆ ತುದಿಯನ್ನು ಅವಳ ಕೈಗೆ ಕೊಟ್ಟು, ಆರು ಅಡಿ, ಹತ್ತು ಅಡಿ, ಹದಿನೈದು ಅಡಿಗೆ ಸುಣ್ಣದ ಗೆರೆ ಎಳೆದ. ಪ್ರತಿ ಗೆರೆಯಿಂದ ಬೆಳ್ಳಿಯಲ್ಲಿ ಒಂದು, ಕೆಂಪಿನಲ್ಲಿ ಒಂದು. ಬೆಳಿಗ್ಗೆ ಏಳಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಐದಕ್ಕೆ. ಕನ್ನಡಕ ಹಾಕಿ, ಕನ್ನಡಕ ತೆಗೆದು. ಅಳಿಯನ ಎದುರು ಸೆರಗು ಹೊದ್ದು ತಲೆ ತಗ್ಗಿಸಿ ಕೂರುವ ಅಭ್ಯಾಸದ ಹೊನ್ನಕ್ಕ, ಕ್ಯಾಮೆರಾ ಮೇಲೆದ್ದ ಕೂಡಲೇ ನೆಟ್ಟ ಕಲ್ಲಿನಂತೆ ಬಿಗಿಯಾಗುತ್ತಿದ್ದಳು. ನಗಿ ಅತ್ತೆ ಎಂದರೆ ಇನ್ನಷ್ಟು ಬಿಗಿ. ಶುಕ್ರವಾರ ಮಧ್ಯಾಹ್ನದ ಸರದಿಗೆ ಮಾತ್ರ ಬಾಯಿ ಬಿಟ್ಟಳು.

"ಏನಳಿಯಂದಿರೇ, ನನ್ನೂ ಇಬ್ರು ಹೆಣ್ಮಕ್ಳಿಗೆ ಪೋಡಿ ಮಾಡಿ ಹಂಚ್ತೀರಾ ಹೆಂಗೆ?"

ಅದನ್ನು ಹೇಳಿ ಅವಳು ನಕ್ಕದ್ದೂ ನಿಜ. ಆದರೆ ಆ ಕ್ಷಣದಲ್ಲಿ ಅಂಜಿನಮೂರ್ತಿ ನೋಟ್‌ಬುಕ್ಕಿನಲ್ಲಿ ನಲವತ್ತೆರಡನೆಯ ಪಟದ ವಿವರ ಬರೆಯುತ್ತಿದ್ದ.

ಗಂಗಾಲಕ್ಷ್ಮಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ನಾನೊಂದು ತೆಗೀತೀನಿ ಕೊಡ್ರೀ ಎಂದು ಮೂರು ಸಲ ಕೇಳಿದಳು. ಮಧ್ಯದಲ್ಲಿ ಕೈ ಬದಲಾದರೆ ಫಲಿತಾಂಶ ಕೆಡುತ್ತದೆ, ಇದು ತಾಂತ್ರಿಕ ವಿಷಯ ಎಂದ.

"ತಾಂತ್ರಿಕಾನೋ ಮಾಂತ್ರಿಕಾನೋ, ಭಾನುವಾರ ಅವ್ವ ಬಸ್ ಹತ್ಬುಡ್ತಾಳೆ," ಎಂದಳು. "ಆಮ್ಯಾಕೆ ನಿಮ್ಮ ಸುಣ್ಣದ ಗೆರೆಗೆ ಹಾರ ಹಾಕ್ಲಾ?"

ಶನಿವಾರ ಮಧ್ಯಾಹ್ನ ಕೊನೆಯ ಸುತ್ತು. ಸೆಕೆಗೆ ಅಂಗಿ ಬಿಚ್ಚಿ, ಪಂಚೆ ಮಾತ್ರ ಉಟ್ಟಿದ್ದ ಅಂಜಿನಮೂರ್ತಿ ಬೆಳ್ಳಿ ಕ್ಯಾಮೆರಾವನ್ನು ಜಗಲಿಯ ಮೇಲೂ ಕೆಂಪನ್ನು ಕಿಟಕಿಯ ಮೇಲೂ ಇಟ್ಟು ಅಂತರ ಅಳೆಯುತ್ತಿದ್ದ. ಮೂರು ದಿನದಿಂದ ಸೊನ್ನೆ ಹಿಡಿದಿದ್ದ ಹೊನ್ನಕ್ಕನ ಕೈ ಸೋತಿತು. ತುದಿ ಬಿಟ್ಟಳು. ಸ್ಟೀಲು ಟೇಪು ಹಾವಿನಂತೆ ಸರ್ರನೆ ಹಿಂದಕ್ಕೆ ಓಡಿ ಬಂದದ್ದಕ್ಕೆ ಅಂಜಿನಮೂರ್ತಿ ಬೆಚ್ಚಿ ಡಬ್ಬಿಯನ್ನೇ ಕೈಬಿಟ್ಟ. ಅದು ಉರುಳಿಕೊಂಡು ಹೋಗಿ ಅತ್ತೆ ಕೂತ ಬೆಂಚಿನ ಅಡಿ, ಆಕೆಯ ಎರಡು ಪಾದಗಳ ಹಿಂದೆ ನಿಂತಿತು. ಸರ್ಕಾರಿ ಟೇಪು. ಅವನು ಹೊಟ್ಟೆಯ ಮೇಲೆ ಉದ್ದಕ್ಕೆ ಮಲಗಿ ಎರಡೂ ಕೈ ಮುಂದೆ ಚಾಚಿದ. ಹೊನ್ನಕ್ಕನಿಗೆ ಮೂರು ದಿನದಿಂದ ತಡೆದಿದ್ದ ನಗು ಒಡೆದು, ಬಿಡಿ, ಎದ್ದೇಳಿ ಎಂದು ಕೈ ಎತ್ತಿ ಆಡಿಸಿದಳು. ಆಗ ಇನ್ನೇನು ನಡೆಯಿತೋ ಅವನಿಗೆ ಗೊತ್ತಿಲ್ಲ. ಬೆಂಚಿನ ಅಡಿ ಮುಖ ಇಟ್ಟವನಿಗೆ ಕಾಣುವುದು ಇರುವೆಸಾಲು ಮಾತ್ರ.

ಭಾನುವಾರ ಬೆಳಿಗ್ಗೆ ಹೊನ್ನಕ್ಕ ಹೊಸ ಕನ್ನಡಕ ಹಾಕಿಕೊಂಡು ಪಾವಗಡದ ಬಸ್ಸು ಹತ್ತಿದಳು. ಹತ್ತೂವರೆಗೆ ಇವರಿಬ್ಬರೂ ಶಿರಾದ ಬಸ್ಸು ಹತ್ತಿದರು.

ಷರೀಫರು ಕ್ಯಾಮೆರಾಗಳ ಅಂಗಿ ಬಿಚ್ಚುತ್ತಲೇ ಒಮ್ಮೆ ಅಂಜಿನಮೂರ್ತಿಯ ಮುಖ ನೋಡಿದರು. ಎರಡನ್ನೂ ಕಂಪ್ಯೂಟರಿಗೆ ಜೋಡಿಸಿದರು. ಪರದೆಯ ಮೇಲೆ ಬೆಳ್ಳಿ ಕ್ಯಾಮೆರಾದ ಪಟಗಳು ಒಂದೊಂದಾಗಿ ಬಂದವು. ಆರು ಅಡಿಯಲ್ಲಿ ಮಂಜು. ಹತ್ತು ಅಡಿಯಲ್ಲಿ ಮಂಜು. ಹದಿನೈದರಲ್ಲಿ ಮಂಜಿನೊಳಗೆ ಸೀರೆ ಉಟ್ಟ ಒಂದು ಕಂಬ. ಕೆಂಪಿನಲ್ಲೂ ಅದೇ ಕಥೆ. ಅಂಜಿನಮೂರ್ತಿಯ ನೋಟ್‌ಬುಕ್ಕು ಅವನ ಮಡಿಲಲ್ಲಿ ಮುಚ್ಚಿಕೊಂಡಿತು. ಗಂಗಾಲಕ್ಷ್ಮಿ ಬೈಯಲಿ ಎಂದು ಅವನು ಮದುವೆಯಾದ ಮೇಲೆ ಮೊದಲ ಬಾರಿಗೆ ದೇವರಲ್ಲಿ ಬೇಡಿಕೊಂಡ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಪರದೆಯನ್ನೇ ನೋಡುತ್ತಿದ್ದಳು. ಅಪ್ಪನ ಮೀಸೆಯಾದರೂ ಇತ್ತು. ಅವ್ವನದು ಅದೂ ಇಲ್ಲ.

"ಇನ್ನೊಂದೈತೆ," ಎಂದು ಷರೀಫರು ಗುಂಡಿ ಒತ್ತಿದರು.

ಪರದೆಯ ತುಂಬ ಹೊನ್ನಕ್ಕ ನಗುತ್ತಿದ್ದಳು. ಹೊಸ ಕನ್ನಡಕ ಮೂಗಿನ ತುದಿಗೆ ಜಾರಿದೆ, ಸೆರಗು ಹೆಗಲಿಗೆ ಬಿದ್ದಿದೆ, ಉಳಿದಿದ್ದ ಹಲ್ಲುಗಳನ್ನು ಎಣಿಸಬಹುದು, ಹಣೆಯ ಹಚ್ಚೆಯ ಚುಕ್ಕಿ ಚುಕ್ಕಿಯೂ ಕಾಣುತ್ತಿದೆ. ಬಲಗೈ ಮೇಲೆತ್ತಿದ್ದಾಳೆ. ಅವಳ ಪಾದಗಳ ಬಳಿ, ಬರಿಮೈಯಲ್ಲಿ, ಪಂಚೆಯುಟ್ಟು, ಎರಡೂ ಕೈ ಮುಂದೆ ಚಾಚಿ, ನೆಲಕ್ಕೆ ಮುಖವಿಟ್ಟು ಉದ್ದೋಉದ್ದ ಮಲಗಿದ್ದಾನೆ ಅಂಜಿನಮೂರ್ತಿ.

ಗಂಗಾಲಕ್ಷ್ಮಿ ಒಪ್ಪಿಕೊಂಡಳು. ಅವ್ವನ ನಗು ಕೇಳಿ ಹೊರಗೆ ಬಂದಿದ್ದಳಂತೆ. ಕಿಟಕಿಯ ಮೇಲೆ ಕೆಂಪು ಕಂಡಿತಂತೆ. ಕವರಿನೊಳಗೆ ಗುಂಡಿ ಕೈಗೆ ಸಿಗದೆ ಸಿಪ್ಪೆ ಸುಲಿದಂತೆ ಸುಲಿದು ಒತ್ತಿ, ಬೈತೀರೆಂದು ಮತ್ತೆ ಸುತ್ತಿಟ್ಟಳಂತೆ. ಹೇಳುತ್ತ ಹೇಳುತ್ತ ಕಣ್ಣು ಒರೆಸಿಕೊಂಡಳು, ನಕ್ಕಳು, ಮತ್ತೆ ಒರೆಸಿಕೊಂಡಳು.

"ಸಾಬ್," ಎಂದರು ಷರೀಫರು ಮೆಲ್ಲಗೆ, "ಮಿಕ್ಕಿದ್ದೆಲ್ಲ ಆ ಕವರೇ ತೆಗೆದಿರೋ ಪಟ. ಇದೊಂದೇ ಕ್ಯಾಮೆರಾ ತೆಗೆದಿರೋದು."

ಹಾಗಾದರೆ ಬೆಳ್ಳಿಯದನ್ನು ಕವರಿಲ್ಲದೆ ಪರೀಕ್ಷಿಸಿದಂತೆ ಆಗಲೇ ಇಲ್ಲವಲ್ಲ, ಹೋಲಿಕೆ ಅಪೂರ್ಣ ಎಂಬ ಮಾತು ಅಂಜಿನಮೂರ್ತಿಯ ನಾಲಿಗೆಯ ತುದಿಗೆ ಬಂದಿತ್ತು. ಹೆಂಡತಿಯ ಮುಖ ನೋಡಿದ. ಇಷ್ಟು ವರ್ಷದಲ್ಲಿ ಅವಳು ಹೀಗೆ ನಕ್ಕದ್ದನ್ನು ಅವನು ಎಷ್ಟು ಸಲ ಕಂಡಿದ್ದನೋ ಲೆಕ್ಕ ಸಿಗಲಿಲ್ಲ. ಮಾತನ್ನು ನುಂಗಿ, ಕೆಂಪನ್ನೇ ಕೊಡಿ ಎಂದ. ಅವಳು ತನ್ನ ಮಾತು ಮೀರಿದ್ದಕ್ಕೆ ಒಳಗೊಳಗೇ ಕೈ ಮುಗಿದ.

ಒಂದೇ ಒಂದು ಬೇಡಿಕೆ ಇಟ್ಟ, ಕೆಳಗಿನ ಭಾಗವನ್ನು ಕತ್ತರಿಸಬಹುದೇ ಎಂದು. ಕತ್ತರಿಸಿದರೆ ಅವ್ವನ ಕಾಲು ಹೋಗುತ್ತದೆ ಎಂದಳು ಗಂಗಾಲಕ್ಷ್ಮಿ. ಎರಡು ಪ್ರತಿ ದೊಡ್ಡದಾಗಿ ಕಟ್ಟು ಹಾಕಿಸಿದಳು. ಒಂದು ಮಧುಗಿರಿಯ ನಡುಮನೆಗೆ, ಒಂದು ಹಟ್ಟಿಗೆ.

ಅನಾಹುತ ಶುರುವಾದದ್ದು ಹಟ್ಟಿಯಲ್ಲಿ. ಪಟ ನೋಡಲು ಬಂದವರಿಗೆ ಟೇಪು ಕಾಣಲಿಲ್ಲ. ಅದು ಬೆಂಚಿನ ಕತ್ತಲಲ್ಲಿತ್ತು. ಕಂಡದ್ದು, ಸರ್ಕಾರಿ ಸರ್ವೇಯರು ಮಡಿಯುಟ್ಟು ಅತ್ತೆಯ ಕಾಲಿಗೆ ಅಡ್ಡಬಿದ್ದದ್ದು, ಅತ್ತೆ ಕೈ ಎತ್ತಿ ಹರಸಿದ್ದು. ಅಳಿಯ ಬಂದರೆ ಅತ್ತೆ ಎದ್ದು ಮರೆಗೆ ಸರಿಯುವ ಊರದು. ಗಡಿಯಾಚೆಯ ನೆಂಟರೂ ಬಂದು ನೋಡಿ, "ಅಲ್ಲುಡಂಟೆ ಇಟ್ಲುಂಡಾಲ," ಅಳಿಯ ಅಂದರೆ ಹೀಗಿರಬೇಕು, ಎಂದು ತಮ್ಮ ತಮ್ಮ ಅಳಿಯಂದಿರ ಕಡೆ ತಿರುಗಿದರಂತೆ.

ಹದಿನೈದು ದಿನಕ್ಕೆ ಷಡ್ಡಕ ದೇವರಾಜುವಿನ ಫೋನು ಬಂತು. ಗಂಗಾಲಕ್ಷ್ಮಿಯ ತಂಗಿಯ ಗಂಡ. ತೂಕದ ಮನುಷ್ಯ, ಎಲ್ಲ ಅರ್ಥದಲ್ಲೂ.

"ಅಣ್ಣ, ನಿಂಗೆ ನಾನೇನು ಅನ್ಯಾಯ ಮಾಡಿದ್ದೆ?" ಎಂದ. "ಹಟ್ಟೀಗೆ ಹೋದ್ರೆ ಚಾಪೆ ಹಾಸ್ಕೊಂಡು ಕಾಯ್ತಾ ಕೂತವ್ರೆ. ಬಿದ್ದೆ. ಎತ್ತೋಕೆ ಇಬ್ರು ಬೇಕಾದ್ರು."

ಸತ್ಯವನ್ನು ಊರಮುಂದೆ ಹೇಳಿಬಿಡುವುದೆಂದು ಅಂಜಿನಮೂರ್ತಿ ಗಟ್ಟಿ ಮನಸ್ಸು ಮಾಡಿಕೊಂಡು ಮುಂದಿನ ಭಾನುವಾರ ಹೆಂಡತಿಯೊಡನೆ ಹಟ್ಟಿಗೆ ಹೋದ. ಮೂವತ್ತು ನಲವತ್ತು ಜನ ಸೇರಿದ್ದರು. ಹೊನ್ನಕ್ಕ ಹೊಸ ಸೀರೆಯುಟ್ಟು ಕುರ್ಚಿಯ ಮೇಲೆ ಕೂತಿದ್ದಳು. ಅವನು ಹತ್ತಿರ ಹೋಗಿ, ಅತ್ತೆ, ಅವತ್ತು ನಾನು ಬಿದ್ದದ್ದು ಟೇಪಿಗೆ, ಇವರಿಗೆ ಹೇಳಿಬಿಡೋಣ ಎಂದು ಪಿಸುಗುಟ್ಟಿದ.

"ಸುಮ್ಕಿರಪ್ಪ," ಎಂದಳು ಹೊನ್ನಕ್ಕ ಅವನಿಗಷ್ಟೇ ಕೇಳುವಂತೆ. "ನಿಮ್ಮಾವ ಹೋದ ಮ್ಯಾಕೆ ಒಳ್ಳೆ ದಿನದಾಗೆ ನನ್ನ ಕಾಲಿಗೆ ಯಾರೂ ಬೀಳ್ತಿರ್ಲಿಲ್ಲ. ಮೂಲೇಲಿ ಕೂತಿರ್ತಿದ್ದೆ. ಆ ಪಟ ನೋಡಿದ್ಮ್ಯಾಕೆ ಮದುವೆ ಹೆಣ್ಣುಗಳೂ ಬಂದು ಬಿದ್ದೋಗ್ತವೆ."

ಅಂಜಿನಮೂರ್ತಿಗೆ ಹೇಳಬೇಕೆಂದುಕೊಂಡದ್ದೆಲ್ಲ ಮರೆತುಹೋಯಿತು. ಅಂಗಿ ಬಿಚ್ಚಿ ಮಡಚಿಟ್ಟು, ಪಂಚೆ ಬಿಗಿ ಮಾಡಿಕೊಂಡು, ಚಾಪೆಯನ್ನು ಪಕ್ಕಕ್ಕೆ ಸರಿಸಿ, ಬರಿ ನೆಲದ ಮೇಲೆ ಉದ್ದಕ್ಕೆ ಬಿದ್ದ. ಈ ಸಲ ಟೇಪಿರಲಿಲ್ಲ. ತಲೆಯ ಮೇಲೆ ಒರಟು ಅಂಗೈಯೊಂದು ಬಂದು ಕೂತಿತು. ಹಟ್ಟಿಯ ಹೆಂಗಸರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಅವನು ಎದ್ದು, ಮಂಡಿಯ ದೂಳು ಕೊಡವಿಕೊಂಡು, ಕಣ್ಣಿಗೂ ದೂಳು ಬಿದ್ದಂತೆ ಒರೆಸಿಕೊಂಡ.

ಎದುರಿಗೆ ಗಂಗಾಲಕ್ಷ್ಮಿ ಕೆಂಪು ಕ್ಯಾಮೆರಾ ಹಿಡಿದು ಪರದೆಯನ್ನು ಪರೀಕ್ಷಿಸುತ್ತಿದ್ದಳು.

"ಇನ್ನೊಂದ್ಸಲ ಬೀಳ್ರೀ," ಎಂದಳು. "ಅವ್ವ ಕಣ್ಣು ಮುಚ್ಚಿಬುಟ್ಳು."