ಆಡಿನ ಕೂದಲು ಕುದಿಸಿದ ಕಥೆ

ನನ್ನದೊಂದು ಕೆಟ್ಟ ಚಾಳಿ. ಗೊತ್ತಿಲ್ಲದ ವಿಷಯದ ಮೇಲೆ ಬರೆಯೆಂದರೆ ಕೈ ತಾನಾಗಿ ಓಡುತ್ತದೆ. ಗೊತ್ತಿರುವುದನ್ನು ಬರೆಯುವಾಗಲೇ ತಡವರಿಸುತ್ತೇನೆ. ಶಹಾಪುರದ ನಮ್ಮ ಕಚೇರಿಯ ಸಾಹೇಬರು ಒಂದು ದಿನ, "ಆಡಿನ ಕೂದಲಿಂದ ಏನೇನು ಉದ್ಯಮ ಮಾಡಬಹುದು, ಒಂದು ವರದಿ ತಯಾರ್ ಮಾಡ್ರಿ. ಜತಿಗೆ ನಮೂನಿನೂ ಇರ್ಲಿ, ಯಾದಗಿರಿ ಮೀಟಿಂಗಿಗೆ ಬೇಕು" ಎಂದರು. ಎರಡೇ ದಿನದಲ್ಲಿ ಆರು ಪುಟ ತುಂಬಿಸಿದೆ. ಹಗ್ಗ, ಚೀಲ, ಬ್ರಷ್ಷು, ಕಾಲುವೆಯ ಏರಿ ಕುಸಿಯದಂತೆ ಹಾಸುವ ಚಾಪೆ, ಎಲ್ಲ ಬಂತು. ಒಂದು ಪುಟದ ತುಂಬ ಪ್ಲಾಸ್ಟಿಕ್ಕಿಗೆ ಬೈಗುಳ. ಕೊನೆಗೆ 'ಇದರಿಂದ ಗ್ರಾಮೀಣ ಉದ್ಯೋಗ ಸೃಷ್ಟಿಯಾಗುವುದು' ಎಂದು ಮುಗಿಸಿದೆ. ನನ್ನ ಬೋಳುತಲೆಗೆ ಕೂದಲಿನ ವಿಷಯದಲ್ಲಿ ಇಷ್ಟೊಂದು ಹೊಳೆದದ್ದು ನನಗೇ ಆಶ್ಚರ್ಯ.

ನಮೂನೆಗೆ ವನದುರ್ಗದ ಮಾವನವರೇ ಗತಿ. ಅವರು ಆಡು ಸಾಕಿದವರು. ಕಾಲುವೆ ಬಂದ ಮೇಲೆ ಆ ಕಡೆಯ ಬೀಳುಭೂಮಿಯೆಲ್ಲ ಗದ್ದೆಯಾಗಿ, ಆಡುಗಳಿಗೆ ಉಳಿದದ್ದು ಏರಿಯ ಮೇಲಿನ ಹುಲ್ಲು. ನೀರಿಗೆ ಬಗ್ಗಿದ ಆಡು ಸಿಮೆಂಟಿನ ಇಳಿಜಾರಿನಲ್ಲಿ ಜಾರಿ ಬಿದ್ದರೆ ಮಾವ ಕಾಲುವೆಗೆ ಇಳಿಯುತ್ತಾರೆ. ಅವರ ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಅತ್ತೆ ಏರಿಯ ಮೇಲೆ ನಿಂತು ಹಿಡಿಯುತ್ತಾರೆ. ಆ ಹಗ್ಗ ಆಡಿನ ಕೂದಲಿನದೇ ಆಗಬೇಕು, ತೊಯ್ದರೂ ಕೈಯಿಂದ ಜಾರುವುದಿಲ್ಲ ಎಂದು ಇಬ್ಬರ ಹಟ. ಹಳೆಯದು ಸವೆದಿತ್ತು. ಹೊಸದಕ್ಕೆಂದು ಮಾವ ವರ್ಷದ ಕೂದಲು ಕೂಡಿಟ್ಟಿದ್ದರು. "ಒಯ್ರಿ ಅಳಿಯಂದ್ರ, ತೋರ್ಸಿ ತಂದ್ಬಿಡ್ರಿ. ಮುಂದಿನ ವಾರ ಹಗ್ಗಾ ಹೊಸಿಬೇಕು" ಎಂದು ಚೀಲವನ್ನೇ ಕೊಟ್ಟರು.

ಬಸ್ಸಿನಲ್ಲಿ ಚೀಲ ಹೋತದ ವಾಸನೆ ಹೊಡೆಯಿತು. ಪಕ್ಕದವರು ಸೀಟು ಬಿಟ್ಟು ನಿಂತರು. ಇದನ್ನು ಸಾಹೇಬರ ಮೇಜಿನ ಮೇಲೆ ಇಡುವುದು ಹೇಗೆ? ಮನೆಯ ಹಂಡೆಯಲ್ಲಿ ನೀರು ಕುದಿಸಿ, ಬಟ್ಟೆ ಒಗೆಯುವ ಸೋಡಾ ಸುರಿದು, ಕೂದಲನ್ನೆಲ್ಲ ಹಾಕಿದೆ. "ಅಪ್ಪಗ ಒಂದ್ ಮಾತ್ ಕೇಳ್ರಿ. ನಮ್ಮ ಮನ್ಯಾಗ ಯಾರೂ ಕೂದ್ಲಾ ಕುದಿಸಿದ್ದು ನಾ ನೋಡಿಲ್ಲ" ಎಂದಳು ಹೆಂಡತಿ. "ವರದಿ ಬರ್ದಾಂವ ನಾನೋ, ನಿಮ್ಮಪ್ಪನೋ?" ಎಂದೆ. ವಾಸನೆಯೇನೋ ಹೋಯಿತು. ಆದರೆ ಒಣಗಿದ ಕೂದಲು ಹಿಡಿದಲ್ಲೆಲ್ಲ ಮುರಿಯತೊಡಗಿತು, ಮನೆಯ ತುಂಬ ಹಾರಾಡಿತು, ಸಾರಿನಲ್ಲೂ ಸಿಕ್ಕಿತು. ಸಾಹೇಬರು ಮಾತ್ರ "ಭಾಳ ಸ್ವಚ್ಛ ಐತಿ!" ಎಂದು ಮೆಚ್ಚಿಕೊಂಡರು.

ಭಾನುವಾರ ಚೀಲ ಹೊತ್ತು ವನದುರ್ಗಕ್ಕೆ ಹೋದೆ. ಮಾವ ಒಂದು ಹಿಡಿ ತೆಗೆದು ತೊಡೆಯ ಮೇಲೆ ಹೊಸೆದರು. ತುಂಡಾಯಿತು. ಮತ್ತೊಂದು ಹಿಡಿ. ಅದೂ ಅಷ್ಟೇ. ನಾನು ಸೋಡಾದ ಕಥೆ ಹೇಳಿದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. "ಇರ್ಲಿ ಬಿಡ್ರಿ. ಬರೋ ವರ್ಷದ ತನಾ ಆಡು ಬೀಳಲಾರ್ದಂಗ ನೋಡ್ಕೊಂಡ್ರಾತು" ಎಂದರು. ಪ್ಲಾಸ್ಟಿಕ್ಕಿಗೆ ಒಂದು ಪುಟ ಬೈದವನು ಮರುದಿನವೇ ಶಹಾಪುರದ ಪೇಟೆಯಲ್ಲಿ ಹತ್ತು ಮಾರು ನೀಲಿ ಪ್ಲಾಸ್ಟಿಕ್ ಹಗ್ಗ ಕೊಂಡು ತಂದುಕೊಟ್ಟೆ.

ಅತ್ತೆ ಅದನ್ನು ನೀರಲ್ಲಿ ಅದ್ದಿ, ಎಳೆದು ನೋಡಿದರು. "ಇದು ಜಾರ್ತೈತ್ರಿ. ನನ್ನ ಕೈಲಿ ಆಗಂಗಿಲ್ಲ. ನೀವಽ ಬಂದು ಹಿಡೀರಿ" ಎಂದರು.

ಈಗ ವಾರವೆಲ್ಲ ಮಾವ ಕೊಡದಲ್ಲಿ ನೀರು ಹೊತ್ತು ಆಡುಗಳಿಗೆ ಕುಡಿಸುತ್ತಾರೆ. ನನಗೆ ರಜೆಯಿರುವ ಭಾನುವಾರವೊಂದು ದಿನ ಅವು ನೀರು ಕುಡಿಯಲು ಕಾಲುವೆಗೆ ಇಳಿಯುತ್ತವೆ. ನಾನು ಏರಿಯ ಮೇಲೆ ನೀಲಿ ಹಗ್ಗ ಹಿಡಿದು, ಒಂದು ಆಡೂ ಜಾರದಿರಲಪ್ಪಾ ಎಂದು ಬಿಸಿಲಲ್ಲಿ ನಿಂತಿರುತ್ತೇನೆ. ಆಡಿನ ಕೂದಲಿನಿಂದ ಗ್ರಾಮೀಣ ಉದ್ಯೋಗ ಸೃಷ್ಟಿಯಾಗುವುದೆಂದು ನಾನು ಬರೆದದ್ದು ಸುಳ್ಳಾಗಲಿಲ್ಲ. ಸದ್ಯಕ್ಕೆ ಒಬ್ಬನಿಗೆ ಆಗಿದೆ.