ಕೊಳದಲ್ಲಿ ಹೂಳಿದೆ

ಬೀದಿಯವರೆಲ್ಲ ಅವಳನ್ನು ಸ್ವೆಟರಮ್ಮ ಎನ್ನುತ್ತಿದ್ದರು. ಗಂಡನಿಗೆ ವರ್ಷಕ್ಕೊಂದು ಸ್ವೆಟರ್ ಹೆಣೆದವಳು, ಎದೆಯ ಮೇಲೆ ಹಳದಿ ಬಾತುಕೋಳಿ ಸಮೇತ. (ಪಾಪ, ಆತನಿಗೆ ಒಂದೂ ದಕ್ಕಲಿಲ್ಲ. ಒಂದನ್ನು ಬಸ್ಸಿನಲ್ಲಿ ಮರೆತ, ಒಂದನ್ನು ಕಳ್ಳ ಒಯ್ದ, ಒಂದು ಗಾಳಿಗೆ ಹಾರಿತು.)

ಆತ ಹೋಗಿ ವರ್ಷವಾಗಿತ್ತು. ಉಳಿದದ್ದು ಮನೆ ಹಿಂದಿನ ಕೊಳ. ದಿನಾ ಸಂಜೆ ಕಸ ತೆಗೆದು, ಹನ್ನೊಂದು ಆಮೆಗಳನ್ನು ಎಣಿಸಿ ಆತ ಕಾಪಾಡಿದ ಕೊಳ. ಈಗ ಕೆಸರು ತುಂಬಿ ಮೊಣಕಾಲುದ್ದ ನೀರೂ ಇರಲಿಲ್ಲ. ಈ ಬೇಸಿಗೆಯೊಳಗೆ ಸರಿಯಾಗದಿದ್ದರೆ ಮುಚ್ಚಿಸಿ ಗಾಡಿ ನಿಲ್ಲಿಸುವ ಜಾಗ ಮಾಡುತ್ತೇವೆಂದು ಪುರಸಭೆ ದಡದಲ್ಲಿ ಬೋರ್ಡು ನೆಟ್ಟಿತ್ತು.

"ಅತ್ತಿಗೆ, ಕೆರೆ ಕೊಳ ಉಳಿಸೋರಿಗೆ ಸರ್ಕಾರ ದುಡ್ಡು ಕೊಡುತ್ತಂತೆ," ಎಂದಳು ನಾದಿನಿ. "ತಾಂತ್ರಿಕ ನೆರವು ಅಂತ ಎಂಜಿನಿಯರನ್ನೂ ಕಳಿಸುತ್ತಂತೆ. ಅರ್ಜಿ ಬರೆದುಕೊಡ್ಲಾ?"

"ನೀನು ಬರೆದ್ರೆ ಪುರಾಣ ಆಗುತ್ತೆ. ನನಗೇನು ಕೈಯಿಲ್ವಾ?"

ನಾಲ್ಕನೇ ಕ್ಲಾಸಿನ ಅಕ್ಷರದಲ್ಲಿ ತಾನೇ ಬರೆದಳು: "ಗಂಡ ಹೋಗಿ ವರ್ಷ ಆಯಿತು. ಹಿಂದಿನ ಕೊಳದಲ್ಲಿ ಹೂಳಿದೆ. ಒಬ್ಬಳೇ ಎತ್ತಲಾರೆ. ಬೇಗ ಬನ್ನಿ, ವಾಸನೆ ಬರುತ್ತಿದೆ."

ನಾಲ್ಕನೇ ದಿನಕ್ಕೆ ಸರ್ಕಾರ ಬಂತು. ಜೀಪಿನಲ್ಲಿ ಬಂತು. ಇಳಿದದ್ದು ಒಬ್ಬ ಇನ್ಸ್‌ಪೆಕ್ಟರ್, ಗುದ್ದಲಿ ಹಿಡಿದ ಎಂಟು ಪೊಲೀಸರು, ಒಂದು ನಾಯಿ.

"ಯಾವಾಗ ಹೂಳಿದ್ರಿ?"

"ನಾನ್ಯಾಕೆ ಹೂಳ್ಲಿ? ತಾನೇ ತುಂಬ್ಕೊಂಡಿದೆ."

ಇನ್ಸ್‌ಪೆಕ್ಟರ್ ಅವಳ ಅರ್ಜಿ ಚಾಚಿದ. ನಾದಿನಿ ಓದಿ, ಗೋಡೆ ಹಿಡಿದು ಕುಳಿತಳು. "ಅತ್ತಿಗೆ, 'ಹೂಳು ಇದೆ' ಅಂತ ಬಿಡಿಸಿ ಬರೀಬಾರದಿತ್ತಾ? ಇದರಲ್ಲಿ ನೀವು ಅಣ್ಣನ್ನ ಹೂತಿದ್ದೀರಿ."

ಸ್ವೆಟರಮ್ಮ ಓಡಿಹೋಗಿ ಆಸ್ಪತ್ರೆಯ ಮರಣ ಪ್ರಮಾಣಪತ್ರ ತಂದಳು. ಇನ್ಸ್‌ಪೆಕ್ಟರ್ ಎರಡು ಸಲ ಓದಿದ.

"ಇದೇನೋ ಸರಿಯಾಗಿದೆ. ಹಾಗಾದ್ರೆ ಕೊಳದಲ್ಲಿರೋದು ಯಾರು?"

ಬಾಯಿ ಬಿಟ್ಟಷ್ಟೂ ಕೇಸು ಗಟ್ಟಿಯಾಯಿತು.

ಮೂರು ದಿನ ಅಗೆದರು. ಆಮೆಗಳು ಬಟ್ಟೆ ಒಗೆಯುವ ತೊಟ್ಟಿಗೆ ಬಂದವು. ಕೆಸರು ದಡದ ಮೇಲೆ ಗುಡ್ಡೆಯಾಯಿತು, ಅದರಡಿ ಪುರಸಭೆಯ ಬೋರ್ಡು ಕಾಣೆಯಾಯಿತು. ಎರಡನೇ ದಿನದಿಂದ ಸ್ವೆಟರಮ್ಮ ಎಲ್ಲರಿಗೂ ಚಹಾ ಕೊಡತೊಡಗಿದಳು. ಹಣ ಬಾರದಿದ್ದರೇನು, ಕೆಲಸವಂತೂ ಸರ್ಕಾರದ್ದೇ. ನಾಯಿಯೇ ತಾಂತ್ರಿಕ ನೆರವು ಅಂದುಕೊಂಡಳು.

ಮೂರನೇ ದಿನ ಕೊಳದೊಳಗಿಂದ ಒಬ್ಬ ಪೊಲೀಸ್ ಮೆಲ್ಲಗೆ ಕರೆದ. "ಸಾರ್, ತೋಳು ಸಿಕ್ಕಿತು."

ನಾದಿನಿ ಅತ್ತಿಗೆಯಿಂದ ಎರಡು ಹೆಜ್ಜೆ ದೂರ ಸರಿದಳು.

"ಇನ್ನೊಂದು ತೋಳೂ ಇದೆ, ಸಾರ್. ಎರಡನ್ನೂ ಸೇರಿಸಿ ಕಲ್ಲಿಗೆ ಕಟ್ಟಿದ್ದಾರೆ."

ಮೇಲೆ ತಂದು ನೀರು ಸುರಿದರು. ಕೆಸರು ಇಳಿಯಿತು. ಹಳದಿ ಬಾತುಕೋಳಿಯೊಂದು ಅವಳನ್ನೇ ನೋಡಿತು.

ಆಮೇಲೆ ಸಾಲಾಗಿ ಬಂದವು. ಬಸ್ಸಿನದು, ಕಳ್ಳನದು, ಗಾಳಿಯದು. ಒಟ್ಟು ಹದಿನೇಳು, ಒಂದೊಂದಕ್ಕೂ ಒಂದೊಂದು ಕಲ್ಲು. ಸ್ವೆಟರಮ್ಮ ದಡದ ಮೇಲೆ ಕುಳಿತಳು. ಸಂಜೆ ಸಂಜೆ ಆಮೆ ಎಣಿಸಲು ಹೋಗುತ್ತಿದ್ದ ಮಹಾನುಭಾವ. ವರ್ಷದಿಂದ ಬೈಯಲು ಮನೆಯಲ್ಲಿ ಜನವಿರಲಿಲ್ಲ. ಈಗ ಬೈಗುಳ ಬಾಯಿ ತುಂಬ ಇದೆ, ಜನವೇ ಇಲ್ಲ.

ಇನ್ಸ್‌ಪೆಕ್ಟರ್ ಮೀಸೆಯಡಿ ನಗು ನುಂಗಿ ಕಾಗದ ಕೊಟ್ಟ. "ಯಾರನ್ನೂ ಹೂಳಿಲ್ಲ ಅಂತ ಬರೆದು ಸಹಿ ಮಾಡಿ, ಅಮ್ಮ. ಕೇಸು ಮುಗೀತು."

ಅವಳು ಕಣ್ಣೊರೆಸಿಕೊಂಡು ಬರೆದಳು: "ನಾನು ಹೂಳಿಲ್ಲ. ಅವರು ಹೂಳಿದ್ದಾರೆ. ಈಗ ಕೈಗೆ ಸಿಕ್ಕಿದ್ದರೆ ನಾನೇ ಹೂಳುತ್ತಿದ್ದೆ."

ಆತ ಓದಿ ತಲೆಯೆತ್ತಿದ. "ಅಮ್ಮ, ಕೊನೇ ಸಾಲು ಬೇಡ."

"ಇರಲಿ," ಎಂದಳು ಸ್ವೆಟರಮ್ಮ. "ಈ ಸಲ ಬಿಡಿಸಿಯೇ ಬರೆದಿದ್ದೀನಿ."